ಐಸಿಗೆ ತೆರೆದ ಕಣ್ಣು

ಸೇಬು, ಆಲೂಗೆಡ್ಡೆ, ಕ್ಯಾರೆಟ್ಟುಗಳನ್ನು ತಿಂಗಳುಗಟ್ಟಲೆ ಕೆಡದಂತೆ ಇಡುವ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ನಮ್ಮ ಅತ್ತಿಗೆಗೆ ಕೆಲಸ. ಗೇಣು ದಪ್ಪದ ಬಾಗಿಲು ಸರಿಸಿ, ಪ್ಲಾಸ್ಟಿಕ್ ಪಟ್ಟಿಗಳ ಪರದೆಯನ್ನು ಭುಜದಿಂದ ತಳ್ಳಿಕೊಂಡು ಒಳಗೆ ಹೋದರೆ ಉಸಿರೇ ಹೊಗೆಯಾಗುವಷ್ಟು ಚಳಿ. ಕಂಪನಿಯ ದಪ್ಪ ಕೋಟು ತೊಟ್ಟು, ಕಿವಿ ಮುಚ್ಚುವ ಟೋಪಿ ಎಳೆದುಕೊಂಡು ಅತ್ತಿಗೆ ಕ್ರೇಟುಗಳ ಸಾಲಿನ ನಡುವೆ ಓಡಾಡುತ್ತ, ಕೊಳೆಯಲು ಶುರುವಾದ ಹಣ್ಣನ್ನು ಹುಡುಕಿ ತೆಗೆಯುತ್ತಿದ್ದರು. ಒಂದು ಕೆಟ್ಟರೆ ಸುತ್ತಲಿನ ಹತ್ತನ್ನು ಕೆಡಿಸುತ್ತದಲ್ಲ, ಹಾಗಾಗಿ ಅದು ಮುಖ್ಯವಾದ ಕೆಲಸ. ಜೊತೆಯವರು ಅವರನ್ನು ಚಳಿಯಕ್ಕ ಎಂದು ಕರೆಯುತ್ತಿದ್ದರು. ಚಳಿಯಕ್ಕನ ನಗು ಕೇಳಲು ಒಳಗೆ ಹೋಗಬೇಕಾಗಿರಲಿಲ್ಲ. ಆ ದಪ್ಪ ಬಾಗಿಲಿನ ಆಚೆಗೂ ಕೇಳಿಸುತ್ತಿತ್ತು.

ಮನೆಯಲ್ಲಿ ನಾವು ನಾಲ್ವರು: ಅಮ್ಮ, ಅಣ್ಣ, ಅತ್ತಿಗೆ, ನಾನು. ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಂಜಿನ್ನಿನ ಜೊತೆ ಆಡುವಷ್ಟು ಮಾತನ್ನು ಮನುಷ್ಯರ ಜೊತೆ ಆಡುವವನಲ್ಲ. ನಾನು ಕನ್ನಡಕದಂಗಡಿಯಲ್ಲಿ ಗಾಜು ಕತ್ತರಿಸಿ, ಅಂಚು ಉಜ್ಜಿ, ಫ್ರೇಮಿಗೆ ಕೂರಿಸುವವನು. ಅತ್ತಿಗೆ ನನ್ನನ್ನು ಕರೆಯುವುದೇ ‘ಕನ್ನಡಕದ ರಾಯರೇ’ ಎಂದು. ನನಗಿನ್ನೂ ಮದುವೆಯಾಗಿಲ್ಲ. ಹೆಣ್ಣು ಸಿಗಲಿಲ್ಲ ಎನ್ನುವುದು ಅಮ್ಮನ ವಾದ, ನಾನು ಹುಡುಕಲೇ ಇಲ್ಲ ಎನ್ನುವುದು ಅತ್ತಿಗೆಯ ವಾದ.

ಅಮ್ಮನಿಗೂ ಅತ್ತಿಗೆಗೂ ನಡುವೆ ಅಂಥ ಪ್ರೀತಿಯೂ ಇರಲಿಲ್ಲ, ಅಂಥ ಜಗಳವೂ ಇರಲಿಲ್ಲ. ಅಮ್ಮನದು ಖಾರದ ನಾಲಿಗೆ. ಏನಾದರೂ ಚುಚ್ಚಿ ಆಡಿದರೆ ಅತ್ತಿಗೆ ನಕ್ಕುಬಿಡುತ್ತಿದ್ದರು. ನಗುವವರ ಮುಂದೆ ಎಷ್ಟು ಹೊತ್ತು ಮುಖ ಗಂಟು ಹಾಕಿಕೊಂಡು ಕೂರಲಾಗುತ್ತದೆ? ಹಾಗೆ ಸಂಸಾರ ಸಾಗಿತ್ತು.

ತೊಂದರೆ ಕಾಣಿಸಿಕೊಂಡದ್ದು ಒಂದು ಬೇಸಿಗೆಯಲ್ಲಿ. ಅದು ಕಾಯಿಲೆಯಂತೆ ಬರಲಿಲ್ಲ, ಸ್ವಭಾವ ಕೆಟ್ಟಂತೆ ಬಂತು.

ಕೆಲಸದಿಂದ ಬಂದ ಅತ್ತಿಗೆ ಸ್ವಲ್ಪ ಹೊತ್ತಿಗೆಲ್ಲ ಸೊರಗಿಬಿಡುವರು. ತಲೆ ಬಾಚಲು ಎತ್ತಿದ ಕೈ ಅರ್ಧಕ್ಕೇ ಇಳಿಯುವುದು. ಮಾತಾಡುತ್ತಿದ್ದರೆ ಎಡಗಣ್ಣಿನ ರೆಪ್ಪೆ ತನ್ನಷ್ಟಕ್ಕೆ ಜೋಲುವುದು. ಊಟಕ್ಕೆ ಕೂತರೆ ಮೊದಲ ನಾಲ್ಕು ತುತ್ತು ಸರಾಗ, ಆಮೇಲೆ ಅಗಿಯುವುದು ನಿಧಾನ, ಕೊನೆಗೆ ಗಲ್ಲಕ್ಕೆ ಕೈ ಕೊಟ್ಟು ದವಡೆಯನ್ನು ಮೇಲೆತ್ತಿ ಅಗಿಯುವುದು. ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು.

"ನಾನು ಮಾಡಿದ್ದು ರುಚಿಯಾಗಿಲ್ಲ ಅಂದ್ರೆ ಬಾಯಿಬಿಟ್ಟು ಹೇಳು. ಹೀಗೆ ಹಿಂಸೆಪಟ್ಟುಕೊಂಡು ತಿನ್ನಬೇಡ," ಎಂದರು ಅಮ್ಮ.

"ಅಯ್ಯೋ, ಹಾಗಲ್ಲ ಅತ್ತೆ. ಅಗಿದೂ ಅಗಿದೂ ಬಾಯೇ ಸೋತುಹೋಗುತ್ತೆ."

"ಮಾತಾಡಿ ಸೋಲದ ಬಾಯಿ ಊಟಕ್ಕೆ ಸೋಲುತ್ತಾ?"

ಈ ಮಾತಿಗೆ ಅತ್ತಿಗೆ ನಕ್ಕರು. ಆದರೆ ಆ ನಗು ನಗುವಾಗಿ ಬರಲಿಲ್ಲ. ತುಟಿಯ ಎರಡೂ ಮೂಲೆಗಳು ಮೇಲೇಳಲಿಲ್ಲ, ಮೇಲ್ದುಟಿಯ ನಡುಭಾಗ ಮಾತ್ರ ಎದ್ದು ಹಲ್ಲು ಕಾಣಿಸಿತು. ನಾಯಿ ಗುರ್‌ ಎನ್ನುವ ಮೊದಲು ಮಾಡುತ್ತದಲ್ಲ, ಹಾಗೆ. ಎದುರಿಗೆ ಕೂತಿದ್ದ ಅಮ್ಮ ಅದನ್ನು ನೋಡಿದರು. ತಟ್ಟೆ ಎತ್ತಿಕೊಂಡು ಎದ್ದು ಹೋದರು. ಆಮೇಲೆ ಎಷ್ಟೋ ದಿನ ಇಬ್ಬರ ನಡುವೆ ಮಾತಿಲ್ಲ. ಅಮ್ಮ ನನ್ನ ಹತ್ತಿರ ಹೇಳಿಕೊಂಡರು: "ನನ್ನ ನೋಡಿ ಹಲ್ಲು ಕಿಸಿದಳು ಕಣೋ. ಇಷ್ಟು ವರ್ಷದಲ್ಲಿ ಒಂದು ದಿನ ಹಾಗೆ ಮಾಡಿರಲಿಲ್ಲ."

ಅತ್ತಿಗೆಗೆ ತಾನು ಮಾಡಿದ್ದೇನೆಂದೇ ತಿಳಿಯಲಿಲ್ಲ. ನಗುವಾಗ ಯಾರೂ ಕನ್ನಡಿ ನೋಡಿಕೊಳ್ಳುವುದಿಲ್ಲವಲ್ಲ.

ಇನ್ನೊಂದು ವಿಚಿತ್ರವಿತ್ತು. ಕೆಲಸದಲ್ಲಿ ಅತ್ತಿಗೆ ಮೊದಲಿನಂತೆಯೇ ಗಟ್ಟಿ. ಕ್ರೇಟು ಎತ್ತುವುದೇನು, ಟ್ರಾಲಿ ತಳ್ಳುವುದೇನು! ಅವರ ಸೂಪರ್‌ವೈಸರ್ ಒಮ್ಮೆ ದಾರಿಯಲ್ಲಿ ಸಿಕ್ಕಿ, "ನಿಮ್ಮ ಸೊಸೆ ಇಲ್ಲದಿದ್ರೆ ನಮ್ಮ ಕೋಣೆ ನಡೆಯೋದೇ ಇಲ್ಲಮ್ಮ," ಎಂದು ಅಮ್ಮನ ಎದುರು ಹೊಗಳಿದ. ಅಮ್ಮ ಮನೆಗೆ ಬಂದವರೇ ಹೇಳಿದರು: "ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಗಾದೆ ಮಾಡಿದವರು ದಡ್ಡರಲ್ಲ."

ಅತ್ತಿಗೆ ಅದನ್ನು ಕೇಳಿಸಿಕೊಂಡರು. ನನಗೆ ಮಾತ್ರ ಹೇಳಿದರು: "ನನಗೇ ಅನುಮಾನ ಬರ್ತಿದೆ ರಾಯರೇ. ನಿಜವಾಗ್ಲೂ ನನಗೆ ಮನೆ ಕಂಡರೆ ಆಗದಂತೆ ಆಗಿದೆಯಾ? ಆ ಚಳಿಯೊಳಗೆ ಹೋದ ತಕ್ಷಣ ಮೈ ಹಗುರಾಗುತ್ತೆ. ಹೊರಗೆ ಬಂದ್ರೆ ಯಾರೋ ಮೂಟೆ ಹೊರಿಸಿದ ಹಾಗೆ."

ಮನುಷ್ಯ ತನ್ನ ಮನಸ್ಸನ್ನೇ ಅನುಮಾನಿಸುವುದಕ್ಕಿಂತ ದೊಡ್ಡ ಕಷ್ಟ ಬೇರೆ ಇಲ್ಲ. ಅತ್ತಿಗೆ ಆ ಬೇಸಿಗೆಯೆಲ್ಲ ಅದನ್ನು ಅನುಭವಿಸಿದರು.

ಇಷ್ಟರಲ್ಲಿ ಅವರಿಗೆ ಒಂದು ವಸ್ತು ಎರಡಾಗಿ ಕಾಣಲು ಶುರುವಾಯಿತು. ಕಣ್ಣೆಂದರೆ ನನ್ನ ವಿಭಾಗ. ಬೆಳಿಗ್ಗೆ ಅಂಗಡಿಗೆ ಕರೆದುಕೊಂಡು ಹೋದೆ. ಪರೀಕ್ಷೆಯಲ್ಲಿ ಎಲ್ಲ ಅಕ್ಷರಗಳನ್ನೂ ಪಟಪಟನೆ ಓದಿದರು. ಸಂಜೆ ಕೆಲಸ ಮುಗಿಸಿ, ಬಿಸಿಲಲ್ಲಿ ನಡೆದು ಬಂದ ಮೇಲೆ ಮತ್ತೆ ಕೂರಿಸಿದರೆ ಒಂದು ಸಾಲು ಎರಡು ಸಾಲಾಗಿ ಒಂದರ ಮೇಲೊಂದು ತೇಲುತ್ತಿತ್ತಂತೆ. ಸಂಜೆಯ ಲೆಕ್ಕದಲ್ಲಿ ಕನ್ನಡಕ ಮಾಡಿಕೊಟ್ಟೆ, ಬೆಳಿಗ್ಗೆ ಹಾಕಿಕೊಂಡರೆ ತಲೆ ಸುತ್ತಿತು. ಗಾಜು ಬದಲಾಯಿಸಿದೆ, ಅದೂ ಬೆಳಿಗ್ಗೆಗೆ ಸರಿಯಾದರೆ ಸಂಜೆಗೆ ಇಲ್ಲ.

"ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು, ಸಂಜೆಗೊಂದು ಮಾಡಿಕೊಡಿ ರಾಯರೇ, ಅಂಗಡಿಗೆ ಒಳ್ಳೆ ವ್ಯಾಪಾರ," ಎಂದರು ಅತ್ತಿಗೆ. ಮಾತು ಮೂಗಿನಿಂದ ಬರುತ್ತಿತ್ತು. ನಮ್ಮ ಅಂಗಡಿಯ ಯಜಮಾನರು ದೂರದಿಂದ ನೋಡುತ್ತಿದ್ದವರು ಹತ್ತಿರ ಬಂದರು. "ಇದು ಗಾಜಿನ ಕೆಲಸ ಅಲ್ಲ ಕಣಯ್ಯ. ಹೊತ್ತಿಗೊಂದು ಥರ ಆಗೋದು ಕಣ್ಣಿನ ತಪ್ಪಲ್ಲ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು," ಎಂದರು.

ಹೋಗೋಣ, ನಾಳೆ ಹೋಗೋಣ ಎನ್ನುತ್ತಿರುವಾಗ ಕೋಲ್ಡ್ ಸ್ಟೋರೇಜಿನ ಯಂತ್ರ ರಿಪೇರಿಗೆ ನಿಂತಿತು. ಒಳಗಿನವರನ್ನೆಲ್ಲ ಹೊರಗೆ ಲಾರಿ ನಿಲ್ಲುವ ಕಟ್ಟೆಯ ಮೇಲೆ ಮಾಲು ಇಳಿಸಲು ಹಾಕಿದರು. ತಗಡಿನ ಮಾಡು, ಸುಡುವ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಅತ್ತಿಗೆಯ ಕೈಯಿಂದ ಕ್ರೇಟು ಜಾರಿ ಸೇಬೆಲ್ಲ ಕಟ್ಟೆಯ ಕೆಳಗೆ ಉರುಳಿದವು. ಆರಿಸಲು ಬಗ್ಗಿದವರು ಅಲ್ಲೇ ಕೂತುಬಿಟ್ಟರು. ಮಾತು ತೊದಲುತ್ತಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಕತ್ತು ನಿಲ್ಲುತ್ತಿರಲಿಲ್ಲ. ಸೂಪರ್‌ವೈಸರ್ ಹತ್ತಿರ ಬಂದು ಮೂಸಿ ನೋಡಿದನಂತೆ. ಕುಡಿದಿದ್ದಾರೆಂದು ಅವನ ಲೆಕ್ಕ. ಆಟೋ ಮಾಡಿ ಮನೆಗೆ ಕಳಿಸಿದ.

ಅಮ್ಮ ಒಬ್ಬರೇ ಮನೆಯಲ್ಲಿದ್ದರು. ಮಾತು ಬಿಟ್ಟಿದ್ದರೂ ಸುಸ್ತಾಗಿ ಬಂದವಳಿಗೆ ಒಂದು ಲೋಟ ನೀರು ಕೊಡದಷ್ಟು ಕೆಟ್ಟವರಲ್ಲ ನಮ್ಮಮ್ಮ. ಕೊಟ್ಟರು. ಅತ್ತಿಗೆ ಒಂದು ಗುಟುಕು ಕುಡಿದರು. ಆ ನೀರು ಗಂಟಲಿಗೆ ಇಳಿಯದೆ ಮೂಗಿನಿಂದ ಹೊರಗೆ ಬಂತು.

ಅಮ್ಮ ಲೋಟ ಕೆಳಗಿಟ್ಟರು. ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಜೋಲುವ ರೆಪ್ಪೆ, ಅಲುಗದ ತುಟಿ ಎಲ್ಲವನ್ನೂ ಮೊದಲ ಸಲ ನೋಡುವವರಂತೆ ನೋಡಿದರು. ನನಗೆ ಅಂಗಡಿಗೆ ಫೋನು ಬಂತು. "ಬಾ. ದೊಡ್ಡಾಸ್ಪತ್ರೆಗೇ ಬಾ, ಇವಳನ್ನ ಆಟೋದಲ್ಲಿ ಕರ್ಕೊಂಡು ಹೊರಟೆ. ನಿಮ್ಮಣ್ಣಂಗೂ ಹೇಳು. ಇದು ಕೊಬ್ಬಲ್ಲ ಕಣೋ, ಕಾಯಿಲೆ. ಹಲ್ಲು ಕಿಸಿದಿದ್ದಲ್ಲ ಅವಳು, ನಗೋಕೆ ಆಗ್ತಿರಲಿಲ್ಲ ಅವಳಿಗೆ."

ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಮ್ಮ ಅಲ್ಲಿದ್ದವರಿಗೆಲ್ಲ ಎಲ್ಲವನ್ನೂ ಹೇಳಿ ಮುಗಿಸಿದ್ದರು. ನರರೋಗದ ಡಾಕ್ಟರು ನಡುವಯಸ್ಸಿನ ಹೆಂಗಸು, ಅವಸರವಿಲ್ಲದವರು. ಎತ್ತರದ ಸ್ಟೂಲಿನ ಮೇಲೆ ಅತ್ತಿಗೆಯನ್ನು ಕೂರಿಸಿ ತಮ್ಮ ಬೆರಳನ್ನು ಮೇಲಕ್ಕೆ ಹಿಡಿದರು.

"ತಲೆ ಎತ್ತಬೇಡಿ, ಕಣ್ಣು ಮಾತ್ರ. ನನ್ನ ಬೆರಳನ್ನೇ ನೋಡ್ತಾ ಇರಿ."

ಅತ್ತಿಗೆ ನೋಡಿದರು. ನೋಡುತ್ತಿದ್ದಂತೆ ಎರಡೂ ರೆಪ್ಪೆಗಳು ಅಂಗಡಿಯ ಷಟರ್ ಇಳಿದ ಹಾಗೆ ಇಳಿದವು. ಡಾಕ್ಟರು ನರ್ಸಿಗೆ ಏನೋ ಹೇಳಿದರು. ಆಕೆ ಫ್ರಿಜ್ಜಿನಿಂದ ಐಸಿನ ತುಂಡುಗಳನ್ನು ತಂದು, ರಬ್ಬರ್ ಕೈಗವಸಿನಲ್ಲಿ ತುಂಬಿ ಗಂಟು ಹಾಕಿ ಕೊಟ್ಟಳು. ಡಾಕ್ಟರು ಅದನ್ನು ಅತ್ತಿಗೆಯ ಎಡಗಣ್ಣಿನ ಮೇಲೆ ಇಟ್ಟು ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ತೆಗೆದು, "ಈಗ ಕಣ್ಣು ಬಿಡಿ," ಎಂದರು.

ಎಡಗಣ್ಣು ಪೂರ್ತಿ ತೆರೆಯಿತು. ಬಲಗಣ್ಣು ಅರ್ಧಕ್ಕೇ ಇತ್ತು.

ಅಮ್ಮ "ಅಯ್ಯೋ ದೇವರೇ" ಎಂದು ಕುರ್ಚಿ ಹುಡುಕಿ ಕೂತರು. ಅತ್ತಿಗೆ ಆ ತೆರೆದ ಕಣ್ಣಿನಿಂದ ಡಾಕ್ಟರನ್ನು ನೋಡಿ, ಮೂಗಿನಲ್ಲೇ ಹೇಳಿದರು: "ಡಾಕ್ಟ್ರೇ, ನಾನು ದಿನಾ ಇಡೀ ಮೈಗೇ ಐಸ್ ಇಟ್ಕೊಂಡು ಕೆಲಸ ಮಾಡೋಳು."

ಕೋಲ್ಡ್ ಸ್ಟೋರೇಜಿನ ಕಥೆಯೆಲ್ಲ ಕೇಳಿದ ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. "ಹಾಗಾದ್ರೆ ಅಷ್ಟು ದಿನ ನಿಮ್ಮನ್ನ ಆ ಕೋಣೇನೇ ಸಾಕಿದೆ," ಎಂದರು. ರಕ್ತಪರೀಕ್ಷೆ ಆಗಬೇಕು, ಆದರೂ ತನಗೆ ಹೆಚ್ಚುಕಡಿಮೆ ಗೊತ್ತಾಯಿತು ಎಂದು ನಮಗೆ ಅರ್ಥವಾಗುವಂತೆ ಬಿಡಿಸಿ ಹೇಳಿದರು.

"ಕೈ ಎತ್ತಬೇಕು ಅಂತ ನೀವು ಅಂದ್ಕೊಂಡ್ರೆ ಆ ಸುದ್ದಿ ನರದಲ್ಲಿ ಇಳಿದು ಬರುತ್ತೆ. ನರದ ತುದಿಗೂ ಮಾಂಸಖಂಡಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇದೆ. ನರ ಅಲ್ಲಿ ಒಂದು ರಾಸಾಯನಿಕ ಬಿಡುತ್ತೆ. ಅದನ್ನ ಹಿಡಿಯೋಕೆ ಅಂತ್ಲೇ ಮಾಂಸಖಂಡದ ಮೇಲೆ ಲೆಕ್ಕವಿಲ್ಲದಷ್ಟು ಪ್ರೊಟೀನುಗಳು ಕಾದಿರುತ್ವೆ. ಅವು ಹಿಡಿದ್ರೆ ಕೈ ಏಳುತ್ತೆ. ನಿಮ್ಮ ದೇಹ ಆ ಪ್ರೊಟೀನುಗಳನ್ನೇ ಹೊರಗಿನ ಶತ್ರು ಅಂತ ತಪ್ಪು ತಿಳ್ಕೊಂಡಿದೆ. ಅವನ್ನ ಕೊಲ್ಲೋಕೆ ಪ್ರತಿಕಾಯ ತಯಾರು ಮಾಡ್ತಿದೆ. ಉಳಿದಿರೋ ಪ್ರೊಟೀನು ಕಡಿಮೆ. ಮೊದಮೊದಲು ಕೆಲಸ ನಡೆಯುತ್ತೆ, ಆಮೇಲೆ ಸೋಲುತ್ತೆ. ಅದಕ್ಕೇ ನಾಲ್ಕು ತುತ್ತು ಸರಿ, ಐದನೇದಕ್ಕೆ ಆಗಲ್ಲ."

"ಐಸು ಏನು ಮಾಡುತ್ತೆ?" ಎಂದೆ ನಾನು.

"ಬಿಟ್ಟ ರಾಸಾಯನಿಕಾನ ಕೂಡಲೇ ಒಡೆದು ಹಾಕೋ ಇನ್ನೊಂದು ಪ್ರೊಟೀನು ಅಲ್ಲೇ ಇರುತ್ತೆ. ಚಳಿಯಲ್ಲಿ ಅದು ಸೋಮಾರಿ ಆಗುತ್ತೆ. ಸುದ್ದಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೆ, ಉಳಿದಿರೋ ಪ್ರೊಟೀನುಗಳಿಗೆ ಸಿಗುತ್ತೆ. ನಾನು ಕೊಡೋ ಮಾತ್ರೇನೂ ಇದನ್ನೇ ಮಾಡೋದು."

ಅಮ್ಮ ಮೆಲ್ಲಗೆ ಹೇಳಿದರು: "ನಾನು ಇವಳನ್ನ ಸೋಮಾರಿ ಅಂದ್ಕೊಂಡಿದ್ದೆ. ಇವಳನ್ನ ಕಾಪಾಡಿದ್ದೂ ಒಂದು ಸೋಮಾರೀನೇ."

ಅತ್ತಿಗೆ ಮಾತ್ರ ಬೇರೇನೋ ಯೋಚಿಸುತ್ತಿದ್ದರು. ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. "ಹೃದಯಾನೂ ಮಾಂಸಖಂಡಾನೇ ಅಲ್ವಾ ಡಾಕ್ಟ್ರೇ? ಕೈ ಸೋತ ಹಾಗೆ ಅದೂ ಒಂದು ದಿನ ಸೋತು ನಿಂತುಬಿಡುತ್ತಾ?"

ಅಣ್ಣ ಗೋಡೆ ನೋಡುತ್ತ ನಿಂತಿದ್ದ.

"ಒಳ್ಳೆ ಪ್ರಶ್ನೆ ಕೇಳಿದ್ರಿ," ಎಂದರು ಡಾಕ್ಟರು. "ಹೃದಯ ಬಡಿಯೋಕೆ ನರದ ಅಪ್ಪಣೆ ಬೇಡ. ತನ್ನ ಬಡಿತಾನ ಅದೇ ಹುಟ್ಟಿಸಿಕೊಳ್ಳುತ್ತೆ. ಜೋರಾಗಿ ಬಡಿ, ನಿಧಾನವಾಗಿ ಬಡಿ ಅಂತ ಹೇಳೋಕೆ ಮಾತ್ರ ನರ. ಆ ಸುದ್ದಿ ಹಿಡಿಯೋ ಪ್ರೊಟೀನು ಹೃದಯದಲ್ಲಿ ಬೇರೆ ಥರದ್ದು, ಕೈಕಾಲಿನ ಹಾಗಿಲ್ಲ. ಸುದ್ದಿ ತರೋ ರಾಸಾಯನಿಕ ಒಂದೇ, ಹಿಡಿಯೋ ಪ್ರೊಟೀನು ಬೇರೆ. ನಿಮ್ಮ ಪ್ರತಿಕಾಯಗಳಿಗೆ ಹೃದಯದ್ದು ಗುರುತು ಸಿಗೋದಿಲ್ಲ. ಸಾಮಾನ್ಯವಾಗಿ ಈ ಕಾಯಿಲೆ ಹೃದಯದ ತಂಟೆಗೆ ಹೋಗಲ್ಲ. ಬೇಕಾದ್ರೆ ಪರೀಕ್ಷೆ ಮಾಡಿ ತೋರಿಸ್ತೀನಿ."

ಮಾಡಿ ತೋರಿಸಿದರು ಕೂಡ. ಹೃದಯ ಸರಿಯಾಗಿಯೇ ಇತ್ತು. ರಕ್ತಪರೀಕ್ಷೆಯಲ್ಲಿ ಪ್ರತಿಕಾಯಗಳು ಸಿಕ್ಕಿದವು.

ಮಾತ್ರೆ ಶುರುವಾಯಿತು. ಊಟಕ್ಕೆ ಸ್ವಲ್ಪ ಮುಂಚೆ ನುಂಗಬೇಕು. ಮೊದಲ ದಿನ ನುಂಗಿ ಕೂತರು. ಅಮ್ಮ ಎದುರಿಗೆ ಕೂತು, ತಟ್ಟೆಯನ್ನಲ್ಲ, ಸೊಸೆಯ ದವಡೆಯನ್ನೇ ನೋಡುತ್ತಿದ್ದರು. ಐದನೆಯ ತುತ್ತು ಹೋಯಿತು, ಆರು ಹೋಯಿತು. ತಟ್ಟೆ ಖಾಲಿಯಾಯಿತು. ಅತ್ತಿಗೆ ಖಾಲಿ ತಟ್ಟೆಯನ್ನು ಅಮ್ಮನಿಗೆ ತೋರಿಸಿದರು. ಅಮ್ಮ ಇನ್ನೊಂದು ಸೌಟು ಬಡಿಸಿದರು. ಮಾರನೆಯ ದಿನ ಹೊಟ್ಟೆ ಕೆಟ್ಟು ಅತ್ತಿಗೆ ಬಚ್ಚಲು ಬಿಟ್ಟು ಬರಲಿಲ್ಲ. ಅದು ಮಾತ್ರೆಯ ಇನ್ನೊಂದು ಗುಣವೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. "ಕೈಯೂ ಓಡುತ್ತೆ, ಹೊಟ್ಟೇನೂ ಓಡುತ್ತೆ," ಎಂದು ಅತ್ತಿಗೆ ಬಾಗಿಲ ಹಿಂದಿನಿಂದಲೇ ಕೂಗಿ ಹೇಳಿದರು. ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ಎಲ್ಲರೂ ಒಟ್ಟಿಗೆ ನಕ್ಕೆವು.

ಆದರೆ ಕಾಯಿಲೆ ಅಷ್ಟಕ್ಕೆ ಬಿಡಲಿಲ್ಲ. ಮಳೆಗಾಲದಲ್ಲಿ ಅತ್ತಿಗೆಗೆ ಎಲ್ಲರಿಗೂ ಬರುವಂಥ ನೆಗಡಿ ಜ್ವರ ಬಂತು. ನಮಗೆ ಮೂಗು ಕಟ್ಟಿಸಿ ಹೋಗುವ ಜ್ವರ, ಅವರ ಉಸಿರನ್ನೇ ಹಿಡಿಯಿತು. ಉಸಿರಾಡಿಸುವುದೂ ಮಾಂಸಖಂಡಗಳೇ, ಅವೂ ಸೋತವು. ಒಂದು ವಾಕ್ಯ ಮುಗಿಸಲು ಅವರಿಗೆ ಎರಡು ಮೂರು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಹೀಗಾದರೆ ತಡಮಾಡಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ನಾವು ತಡಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಜೋಡಿಸಿದ್ದರು.

ಆ ದಿನಗಳನ್ನು ನೆನೆದರೆ ನನಗೆ ಕಾಣುವುದು ಅಮ್ಮನ ಬೆನ್ನು. ಒಳಗೆ ಬಿಟ್ಟ ಹೊತ್ತಿನಲ್ಲೆಲ್ಲ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಅತ್ತಿಗೆಗೆ ಕಣ್ಣು ಬಿಡಲಾಗದು, ಮಾತಾಡಲಾಗದು, ಕೈ ಎತ್ತಲಾಗದು. ಆದರೆ ಎಚ್ಚರವಿತ್ತು, ಕೇಳಿಸುತ್ತಿತ್ತು. ಅಮ್ಮ ತಮ್ಮ ಅಂಗೈಯನ್ನು ಅವರ ಬೆರಳಿನ ಕೆಳಗೆ ಇಡುವರು. ಹೌದು ಎಂದರೆ ತೋರುಬೆರಳು ಒಂದಿಷ್ಟು ಅಲುಗುವುದು. ಅಷ್ಟರಲ್ಲೇ ಅವರಿಬ್ಬರ ಸಂಭಾಷಣೆ ನಡೆಯುತ್ತಿತ್ತು.

"ನೋವಿದೆಯಾ? ... ಇಲ್ಲ. ಬಾಯಾರಿದೆಯಾ? ... ಹೂಂ. ಸಿಸ್ಟರ್, ತುಟಿ ಒದ್ದೆ ಮಾಡಿ ಸ್ವಲ್ಪ." ಆಮೇಲೆ ಅಮ್ಮ ತಲೆಯ ಮೇಲಿದ್ದ ಪರದೆಯ ಹಸಿರು ಗೆರೆಯನ್ನು ನೋಡಿ ಹೇಳುವರು: "ಹೃದಯ ಚೆನ್ನಾಗಿ ಓಡ್ತಿದೆ ಕಣೆ. ಟಕ್ ಟಕ್ ಅಂತ. ಡಾಕ್ಟ್ರು ಹೇಳಿದ್ರಲ್ಲ, ಅದಕ್ಕೆ ಯಾರ ಅಪ್ಪಣೇನೂ ಬೇಡ ಅಂತ. ನಿನ್ನ ಹಾಗೇ ಹಟಮಾರಿ ಅದು. ಅದು ನೋಡ್ಕೊಳ್ಳುತ್ತೆ, ನೀನು ಸುಮ್ಮನೆ ಮಲಗಿರು."

ಮುಂದೆ ಅತ್ತಿಗೆ ನನಗೆ ಹೇಳಿದರು: "ಆಗ ನನ್ನದು ಅಂತ ನನ್ನೊಳಗೆ ಕೆಲಸ ಮಾಡ್ತಿದ್ದಿದ್ದು ಅದೊಂದೇ ರಾಯರೇ. ಅತ್ತೆ ದಿನಾ ಅದರ ಸುದ್ದಿ ಹೇಳೋರು. ಮನೇಲಿ ಯಾರೋ ಇದ್ದಾರೆ, ದೀಪ ಉರೀತಿದೆ ಅನ್ನೋ ಹಾಗೆ ಧೈರ್ಯ ಆಗೋದು."

ಚಿಕಿತ್ಸೆಗೆ ಒಂದು ಯಂತ್ರ ತಂದರು. ರಕ್ತವನ್ನು ಹೊರಗೆ ಎಳೆದು, ಅದರ ಹಳದಿ ದ್ರವವನ್ನು, ಅಂದರೆ ಪ್ಲಾಸ್ಮಾವನ್ನು, ಬೇರ್ಪಡಿಸಿ ಬಿಸಾಡುವುದು. ಕೆಟ್ಟ ಪ್ರತಿಕಾಯಗಳು ಇರುವುದು ಅದರಲ್ಲೇ. ಬದಲಿಗೆ ಬೇರೆಯವರು ದಾನ ಮಾಡಿದ ರಕ್ತದಿಂದ ತಯಾರಿಸಿದ ದ್ರವ ಸೇರಿಸಿ ಮೈಗೆ ವಾಪಸು ಬಿಡುವುದು. ಯಾರೊಡನೆಯೂ ಮಾತಾಡದ ನಮ್ಮಣ್ಣ ಆ ಯಂತ್ರ ನಡೆಸುವ ಟೆಕ್ನಿಷಿಯನ್ ಜೊತೆ ಇಡೀ ಮಧ್ಯಾಹ್ನ ಮಾತಾಡಿದ. ಪಂಪು ಹೇಗೆ, ಗಾಳಿಗುಳ್ಳೆ ಸೇರಿದರೆ ಹೇಗೆ ಗೊತ್ತಾಗುತ್ತದೆ, ಬೇರ್ಪಡಿಸುವ ಬಟ್ಟಲು ಎಷ್ಟು ಜೋರಾಗಿ ತಿರುಗುತ್ತದೆ, ಎಲ್ಲ ಕೇಳಿದ. ಕೊನೆಗೆ, "ಆ ಬಾಟಲಿಯಲ್ಲಿರೋದು ಯಾರದು?" ಎಂದ.

"ಯಾರದು ಅಂತ ಹೇಳೋಕಾಗಲ್ಲ. ಎಷ್ಟೋ ಜನ ಕೊಟ್ಟಿದ್ದು ಸೇರಿಸಿ ಮಾಡ್ತಾರೆ."

ಅಣ್ಣ ಬಹಳ ಹೊತ್ತು ಬಾಟಲಿಯನ್ನೇ ನೋಡಿದ. ಮಾರನೆಯ ವಾರ ಡಿಪೋದ ಗ್ಯಾಂಗನ್ನೆಲ್ಲ ಎಳೆದುಕೊಂಡು ಬಂದು ಬ್ಲಡ್ ಬ್ಯಾಂಕಿನ ಮುಂದೆ ನಿಲ್ಲಿಸಿದ. ಎಲ್ಲರ ಉಗುರಿನಲ್ಲೂ ಗ್ರೀಸು. "ನಮಗೆ ಕೊಟ್ಟೋರು ಯಾರೋ ಗೊತ್ತಿಲ್ಲ. ಅದಕ್ಕೇ ಯಾರಿಗೆ ಹೋದ್ರೂ ಸರಿ," ಎಂದ ಕೌಂಟರಿನವಳಿಗೆ. ಕೋಲ್ಡ್ ಸ್ಟೋರೇಜಿನಿಂದಲೂ ಜನ ಬಂದರು. ಮುಂದಾಳಾಗಿ ಬಂದವನು ಅದೇ ಸೂಪರ್‌ವೈಸರ್. ಅಮ್ಮನನ್ನು ಕಂಡವನೇ, "ಅವತ್ತು ನಾನು ತಪ್ಪು ತಿಳ್ಕೊಂಡೆ ಅಮ್ಮ," ಎಂದು ತಲೆ ತಗ್ಗಿಸಿದ.

"ನಾನೇನು ಕಡಿಮೆ ತಿಳ್ಕೊಂಡಿದ್ನಾ? ಹೋಗು, ಕೈ ಚಾಚು ಅಲ್ಲಿ," ಎಂದರು ಅಮ್ಮ.

ನಾಲ್ಕೈದು ಸಲ ಹಾಗೆ ಪ್ಲಾಸ್ಮಾ ಬದಲಾಯಿಸಿದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಕಣ್ಣು ಬಿಟ್ಟರು, ಎರಡನ್ನೂ. ಕೊಳವೆ ತೆಗೆದರು. ಗಂಟಲು ಸರಿಹೋದ ಮೇಲೆ ಅಮ್ಮನಿಗೆ ಅವರು ಆಡಿದ ಮೊದಲ ಮಾತು: "ಅತ್ತೆ, ಎಷ್ಟು ಮಾತಾಡ್ತೀರಿ ನೀವು."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಉತ್ತರ ಕೊಡೋರು ಇರಲಿಲ್ಲವಲ್ಲ, ಆಸೆ ತೀರಿಸಿಕೊಂಡೆ," ಎಂದರು. ಅತ್ತಿಗೆ ನಕ್ಕರು. ತುಟಿಯ ಒಂದು ಮೂಲೆ ಮೇಲೆ ಹೋಯಿತು, ಇನ್ನೊಂದು ತಡವಾಗಿ ಹಿಂಬಾಲಿಸಿತು. ಸೊಟ್ಟ ನಗು. ಅಮ್ಮ ಅದನ್ನು ಮನೆಗೆ ಬಂದ ನೆಂಟರಿಗೆಲ್ಲ ವರ್ಣಿಸಿ ಹೇಳುತ್ತಿದ್ದರು, ಮಗು ಮೊದಲ ಸಲ ನಕ್ಕದ್ದನ್ನು ಹೇಳುವ ಹಾಗೆ.

ಕೆಲವು ತಿಂಗಳ ಮೇಲೆ, ಶಕ್ತಿ ಬಂದ ಬಳಿಕ, ಒಂದು ಆಪರೇಷನ್ ಆಯಿತು. ಎದೆಮೂಳೆಯ ಹಿಂದೆ, ಹೃದಯದ ಮುಂದೆಯೇ ಥೈಮಸ್ ಎಂಬ ಸಣ್ಣ ಗ್ರಂಥಿಯಿದೆ. ದೇಹದ ಈ ತಪ್ಪು ತಿಳುವಳಿಕೆ ಹುಟ್ಟುವುದು ಹಲವರಲ್ಲಿ ಅಲ್ಲಿಂದಲೇ, ತೆಗೆದರೆ ನಿಧಾನವಾಗಿ ಗುಣ ಕಾಣಬಹುದು ಎಂದರು ಡಾಕ್ಟರು. ತೆಗೆದ ಗ್ರಂಥಿಯನ್ನು ಸಂಶೋಧನೆಗೆ ಕೊಡಲು ಒಪ್ಪಿಗೆಯೇ ಎಂದೂ ಕೇಳಿದರು.

"ನನಗೆ ತೊಂದರೆ ಕೊಟ್ಟಿದ್ದು ಇನ್ನೊಬ್ಬರಿಗಾದ್ರೂ ಉಪಯೋಗಕ್ಕೆ ಬರ್ಲಿ," ಎಂದರು ಅತ್ತಿಗೆ. "ಆದ್ರೆ ಒಂದು ಆಸೆ. ಆ ಪ್ರೊಟೀನುಗಳನ್ನ ಒಂದು ಸಲ ಕಣ್ಣಾರೆ ನೋಡಬೇಕು."

ಡಾಕ್ಟರು ಮರೆಯಲಿಲ್ಲ. ಗಾಯ ಮಾಗಿದ ಮೇಲೆ ಒಂದು ದಿನ ತಪಾಸಣೆಗೆ ಹೋದಾಗ, ಆಸ್ಪತ್ರೆಯ ಹಿಂದಿನ ಕಟ್ಟಡದ ಲ್ಯಾಬಿಗೆ ನಮ್ಮನ್ನು ಕಳಿಸಿದರು. ಉದ್ದನೆಯ ಓಣಿ, ಗುಂಯ್ ಎನ್ನುವ ಫ್ರಿಜ್ಜುಗಳು, ಕತ್ತಲು ಮಾಡಿದ ಒಂದು ಪುಟ್ಟ ಕೋಣೆ. ಅಲ್ಲಿದ್ದ ಸಂಶೋಧಕಿ ಇಪ್ಪತ್ತೈದು ದಾಟದ ಹುಡುಗಿ. ಸರಿಯಾಗಿ ನಿದ್ದೆ ಮಾಡದವರ ಕಣ್ಣು. ಸ್ಲೈಡು ಇಟ್ಟು, ಮೈಕ್ರೋಸ್ಕೋಪು ಸರಿಮಾಡಿ ಅತ್ತಿಗೆಯನ್ನು ಕೂರಿಸಿದಳು.

ಕಪ್ಪು ಹಿನ್ನೆಲೆಯಲ್ಲಿ ಉದ್ದುದ್ದ ಎಳೆಗಳು, ಒಂದೊಂದು ಎಳೆಯ ನಡುವೆ ಕೆಂಪಗೆ ಹೊಳೆಯುವ ಸುರುಳಿ.

"ಆ ಕೆಂಪಗಿರೋ ಜಾಗದಲ್ಲೇ ನಿಮ್ಮ ಪ್ರೊಟೀನುಗಳು ಒತ್ತಾಗಿ ಕೂತಿರೋದು," ಎಂದಳು ಹುಡುಗಿ. "ಒಂದೊಂದಾಗಿ ಕಾಣಲ್ಲ, ಗುಂಪಾಗಿ ಕಾಣುತ್ತೆ. ಅವಕ್ಕೆ ಮಾತ್ರ ಗಟ್ಟಿಯಾಗಿ ಅಂಟಿಕೊಳ್ಳೋ ಒಂದು ವಸ್ತು ಇದೆ, ಒಂದು ಜಾತಿ ಹಾವಿನ ವಿಷದಿಂದ ತೆಗೆದಿದ್ದು. ಅದಕ್ಕೆ ಬಣ್ಣ ಸೇರಿಸಿದ್ದೀವಿ. ಆ ವಿಷ ಇಲ್ಲದಿದ್ರೆ ಈ ಪ್ರೊಟೀನನ್ನ ಹಿಡಿಯೋದೇ ಕಷ್ಟ ಇತ್ತು."

"ಇದು ನನ್ನದಾ?"

"ಅಲ್ಲ, ಇಲಿಯದ್ದು. ನಿಮ್ಮದೂ ಹೀಗೇ ಇರುತ್ತೆ."

ಅತ್ತಿಗೆ ಬಹಳ ಹೊತ್ತು ನೋಡಿದರು. ಹುಡುಗಿ ಸ್ಲೈಡು ಬದಲಾಯಿಸಿ ಹೃದಯದ್ದನ್ನು ಇಟ್ಟಳು. ಕವಲೊಡೆದು ಒಂದಕ್ಕೊಂದು ಹೆಣೆದುಕೊಂಡ ಪಟ್ಟೆಪಟ್ಟೆಯ ಕೋಶಗಳು. ಕೆಂಪು ಸುರುಳಿ ಎಲ್ಲೂ ಇರಲಿಲ್ಲ. "ಇಲ್ಲಿರೋ ಪ್ರೊಟೀನು ಬೇರೆ. ಆ ಬಣ್ಣ ಇದಕ್ಕೆ ಹಿಡಿಯಲ್ಲ," ಎಂದಳು.

"ಹಿಡಿಯದೇ ಇದ್ದಿದ್ದಕ್ಕೇ ನಾನು ಇಲ್ಲಿ ಕೂತಿದ್ದೀನಮ್ಮ," ಎಂದರು ಅತ್ತಿಗೆ. ಅವರ ಧ್ವನಿ ಸಣ್ಣಗಾಗಿತ್ತು. ಕಾಯಿಲೆಯಿಂದ ಆದದ್ದಲ್ಲ ಅದು.

ಅಮ್ಮನೂ ನೋಡಬೇಕೆಂದರು. ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ಬಗ್ಗಿ ನೋಡಿದರು. "ಕಾಣ್ತಿದೆಯಾ ಅಜ್ಜಿ?" ಎಂದಳು ಹುಡುಗಿ. "ಕಾಣ್ತಿದೆ, ಕಾಣ್ತಿದೆ. ಚೆನ್ನಾಗಿದೆ," ಎಂದರು. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ ಹೇಳಿದರು, ತಮಗೆ ಕಂಡದ್ದು ತಮ್ಮ ರೆಪ್ಪೆಯ ಕೂದಲು ಮಾತ್ರ ಎಂದು. ಆದರೆ ಒಳಗೆ ಗಂಭೀರವಾಗಿಯೇ ಕೇಳಿದರು: "ಹಾವು ಆಯ್ತು, ಇಲಿ ಆಯ್ತು. ಇನ್ನು ಯಾರ್ಯಾರಿಗೆ ನಮಸ್ಕಾರ ಹೇಳೋದು ಬಾಕಿ ಇದೆಯೋ ಹೇಳಿಬಿಡಮ್ಮ, ಒಟ್ಟಿಗೇ ಹೇಳಿಬಿಡ್ತೀವಿ."

ಹುಡುಗಿ ಮೊದಲ ಸಲ ನಕ್ಕಳು.

ಇದೆಲ್ಲ ಆಗಿ ವರ್ಷಗಳಾದವು. ಅತ್ತಿಗೆ ಈಗಲೂ ಮಾತ್ರೆ ನುಂಗುತ್ತಾರೆ, ಮೊದಲಿಗಿಂತ ಕಡಿಮೆ. ಜ್ವರ ಬಂದರೆ ಮನೆಯೆಲ್ಲ ಎಚ್ಚರ. ಭಾರ ಎತ್ತುವುದಿಲ್ಲ. ಕೋಲ್ಡ್ ಸ್ಟೋರೇಜಿನ ಮುಂಭಾಗದ ಕೋಣೆಯಲ್ಲಿ ಕೂತು ಬರುವ ಮಾಲಿನ ಗುಣಮಟ್ಟ ನೋಡುವ ಕೆಲಸ ಕೊಟ್ಟಿದ್ದಾರೆ, ಸುಸ್ತಾದರೆ ಮಲಗಲು ಒಂದು ಬೆಂಚೂ ಇದೆ. ಆ ಸೂಪರ್‌ವೈಸರನೇ ಹಾಕಿಸಿದ್ದು.

ಆ ದಿನ ಲ್ಯಾಬಿನಿಂದ ಹೊರಡುವಾಗ ಅಮ್ಮ ಬಾಗಿಲ ಹತ್ತಿರ ನಿಂತು ತಿರುಗಿ ನೋಡಿದರು. "ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ದೀಯೇನಮ್ಮ?" ಎಂದು ಆ ಹುಡುಗಿಯನ್ನು ಕೇಳಿದರು. ಅವಳು ಸ್ಲೈಡುಗಳನ್ನು ಡಬ್ಬಿಗೆ ಸೇರಿಸುತ್ತ, ಇಲ್ಲ, ಪುರಸೊತ್ತಾಗಲಿಲ್ಲ ಎಂದಳು. ತಪಾಸಣೆಯ ದಿನ ತಡವಾಗುತ್ತದೆಂದು ಅಮ್ಮ ಸೊಸೆಗಾಗಿ ಊಟದ ಡಬ್ಬಿ ಕಟ್ಟಿ ತಂದಿದ್ದರು. ಅತ್ತಿಗೆಯ ಮುಖ ನೋಡಿದರು. ಅತ್ತಿಗೆ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಓಣಿಯ ಬೆಂಚಿನ ಮೇಲೆ ಆ ಹುಡುಗಿಯನ್ನು ನಡುವೆ ಕೂರಿಸಿಕೊಂಡು, ಒಂದು ಕಡೆ ಅಮ್ಮ, ಇನ್ನೊಂದು ಕಡೆ ಅತ್ತಿಗೆ, ಅವಳು ಡಬ್ಬಿ ಖಾಲಿ ಮಾಡುವವರೆಗೂ ಎದ್ದುಹೋಗಲು ಬಿಡಲಿಲ್ಲ.